ಪದಚರ್ಚೆ: ಈ ಕಯಾಕ್ ಮಡಚುವುದೋ, ಕಳಚುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಬಹುದಾದ, ಬಿಚ್ಚಿ ಚೀಲಕ್ಕೆ ತುಂಬಬಹುದಾದ ಹಗುರ ಕಯಾಕ್ (ಹುಟ್ಟು ಹಾಕಿ ನಡೆಸುವ, ಉದ್ದನೆಯ ಕಿರುದೋಣಿ) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಲ್ಯೂಮಿನಿಯಂ ಕೊಳವೆ, ತರಕಾರಿ ಹೆಚ್ಚುವ ಮಣೆಗೆ ಬಳಸುವ ದಪ್ಪ ಪ್ಲಾಸ್ಟಿಕ್ ಹಾಳೆ, ಲಾರಿಗೆ ಹೊದಿಸುವ ಪಿವಿಸಿ ಟಾರ್ಪಾಲು, ಅಂಟು, ಹಗ್ಗ. ಇವಕ್ಕೆಲ್ಲ ಹಾರ್ಡ್‌ವೇರ್ ಅಂಗಡಿಯಿದೆ. ಪದಗಳಿಗೆ ನೀವೇ ಗತಿ.

ತೊಡಕು ಹೆಸರಿನಲ್ಲೇ ಶುರುವಾಗುತ್ತದೆ. ಆಲ್ಫ್ರೆಡ್ ಹಾಯ್ರಿಷ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿ 1905ರಲ್ಲಿ ಮ್ಯೂನಿಕ್‌ನಲ್ಲಿ ಇಂಥದೊಂದನ್ನು ಕಟ್ಟಿದ. 1907ರಲ್ಲಿ ರೋಸೆನ್‌ಹೈಮ್‌ನ ದರ್ಜಿ ಯೋಹಾನೆಸ್ ಕ್ಲೆಪ್ಪರ್ ಅದರ ಹಕ್ಕು ಪಡೆದು ತಯಾರಿಕೆಗೆ ಇಳಿದ. ಜರ್ಮನ್ನರು ಇದನ್ನು ‘ಫಾಲ್ಟ್‌ಬೋಟ್’ ಎಂದರು, ಅಂದರೆ ಮಡಚುವ ದೋಣಿ. ಇಂಗ್ಲಿಷಿನವರು ಅದನ್ನೇ ಹಿಡಿದರು. ಆದರೆ ಇದರಲ್ಲಿ ಮಡಚುವುದು ಹೊದಿಕೆ ಮಾತ್ರ. ಚೌಕಟ್ಟನ್ನು ಬಿಚ್ಚಿ ತುಂಡು ತುಂಡಾಗಿ ಚೀಲಕ್ಕೆ ತುಂಬುತ್ತೇವೆ. ಮಡಚುವ ಕೊಡೆ, ಮಡಚುವ ಕುರ್ಚಿ ಎನ್ನುವಾಗ ಯಾವ ಭಾಗವೂ ಕೈಗೆ ಬಿಡಿಯಾಗಿ ಬರುವುದಿಲ್ಲವಲ್ಲ. ಮೇಲಾಗಿ, ಒಂದೇ ಪ್ಲಾಸ್ಟಿಕ್ ಹಾಳೆಯನ್ನು ಗೆರೆ ಹಾಕಿದಲ್ಲಿ ಬಾಗಿಸಿ ದೋಣಿಯಾಗಿಸುವ, ಕಾಗದದ ದೋಣಿಯ ವಂಶದ ಕಯಾಕ್‌ಗಳೂ ಈಗ ಬಂದಿವೆ. ‘ಮಡಚುದೋಣಿ’ ಎಂಬ ಹೆಸರು ನ್ಯಾಯವಾಗಿ ಅವಕ್ಕೆ ಸಲ್ಲಬೇಕು. ತೂಗುಸೇತುವೆ, ಹಾರುಬೂದಿಗಳ ಜಾಡಿನಲ್ಲೇ ಇರುವ ಸಮಾಸ, ಕಿವಿಗೂ ಹಿತ.

ಹಾಗಾದರೆ ನನ್ನದನ್ನು ‘ಕಳಚುದೋಣಿ’ ಎನ್ನಲೇ? ವ್ಯಾಕರಣಕ್ಕೆ ಅಡ್ಡಿಯಿಲ್ಲ. ಆದರೆ ಕೊಂಡಿ ಕಳಚಿಕೊಂಡಿತು, ಚಕ್ರ ಕಳಚಿ ಬಿತ್ತು ಎಂದು ಕೇಳಿ ಬೆಳೆದವರು ಕಳಚುದೋಣಿ ಹತ್ತಿ ನೀರಿಗಿಳಿದಾರೆಯೇ! ‘ಜೋಡುದೋಣಿ’ ಎಂದರೆ ಎರಡು ದೋಣಿಗಳು ಕಣ್ಣಿಗೆ ಬರುತ್ತವೆ. ಸದ್ಯಕ್ಕೆ ‘ಜೋಡಣೆಯ ಕಯಾಕ್’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ.

ಎರಡನೆಯದು ಹೊದಿಕೆ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಮೂಲ ಕಯಾಕ್‌ಗೆ ಸೀಲ್ ಪ್ರಾಣಿಯ ಚರ್ಮ, ನಮ್ಮದಕ್ಕೆ ಟಾರ್ಪಾಲು. ಚೌಕಟ್ಟಿನ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಕೂರಲು ಹೊದಿಕೆಯಲ್ಲಿ ಬಿಟ್ಟ ಬಾಯಿಯ ಮೂಲಕ ಅದರೊಳಗೆ ತೂರಿಸುತ್ತೇವೆ. ನಡುವೆ ಎರಡೂ ಸೇರುವಲ್ಲಿ ಕೊಳವೆಗಳು ಮಂಡಿಯೆತ್ತಿ ನಿಂತಿರುತ್ತವೆ. ಅಂಗೈಯೂರಿ ಅದುಮಿದರೆ ನೆಟ್ಟಗಾಗಿ, ಅಷ್ಟುದ್ದಕ್ಕೂ ಸುಕ್ಕುಗಟ್ಟಿದ್ದ ಟಾರ್ಪಾಲು ಒಮ್ಮೆಗೇ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ನಾದ ಬರುತ್ತದೆ. ಈ ಬಿಗಿತವೇ ದೋಣಿಗೆ ಗಟ್ಟಿತನ ಕೊಡುವುದು. ಅದಕ್ಕೇ ‘ಹೊದಿಕೆ’ ನನಗೆ ಸಪ್ಪೆಯೆನಿಸುತ್ತದೆ, ಕಂಬಳಿಯೂ ಹೊದಿಕೆಯೇ. ಚಂಡೆ ಮದ್ದಳೆಯವರ ‘ಮುಚ್ಚಿಗೆ’ಯಲ್ಲಿ (ವಾದ್ಯದ ಬಾಯಿಗೆ ಬಿಗಿದ ಚರ್ಮ) ಬಿಗಿತದ ಅರ್ಥ ತಾನಾಗಿ ಸೇರಿಕೊಂಡಿದೆ. ಕರಾವಳಿಯವರು ಇದನ್ನು ದೋಣಿಗೆ ಹಚ್ಚಲು ಒಪ್ಪುತ್ತಾರೆಯೇ, ನಗುತ್ತಾರೆಯೇ? ನಕ್ಕರೆ ‘ತೊಗಲು’ ಇದ್ದೇ ಇದೆ.

ಹರಿಗೋಲನ್ನು ಮರೆತಿಲ್ಲ. ಚೌಕಟ್ಟು ಹೆಣೆದು ತೊಗಲು ಹೊದಿಸುವ ವಿದ್ಯೆಯಲ್ಲಿ ಕಯಾಕ್‌ಗೂ ಅದಕ್ಕೂ ಭೇದವಿಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪೇಸ್, ಒಳಗೆ ಬೆತ್ತ, ಹೊರಗೆ ಚರ್ಮ, ಬುಟ್ಟಿಯಂತೆ ದುಂಡಗೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೆ ತಿರುಗುತ್ತಲೇ ಸಾಗುತ್ತದೆ ಎಂದು ಬರೆದಿದ್ದಾನೆ. ಆದರೆ ಹರಿಗೋಲು ಎಂದೊಡನೆ ದುಂಡನೆಯ ರೂಪವೇ ಕಣ್ಣಿಗೆ ಕಟ್ಟುವುದರಿಂದ ಹೆಸರನ್ನು ಎರವಲು ಪಡೆಯುವಂತಿಲ್ಲ. ಅದರ ಭಾಗಗಳ ಹೆಸರುಗಳನ್ನು ಪಡೆಯಬಹುದು. ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹೆಣೆಯುವವರು ಮೇಲಂಚಿನ ಸುತ್ತುಕಟ್ಟಿಗೆ ಏನೆನ್ನುತ್ತಾರೆ? ತಳದಲ್ಲಿ ಅಡ್ಡಡ್ಡ ಹಾಯುವ ದಬ್ಬೆಗಳಿಗೆ? ಕಯಾಕ್‌ನ ಅಡ್ಡ ಚೌಕಟ್ಟುಗಳಿಗೆ ‘ಪಕ್ಕೆಲುಬು’ ಎಂದು ಬರೆದಿದ್ದೇನೆ, ಉದ್ದ ಕೊಳವೆಗಳಿಗೆ ಏನೂ ಹೊಳೆದಿಲ್ಲ. ಹಂಪಿ, ಆನೆಗೊಂದಿ ಕಡೆಯವರು ಯಾರಾದರೂ ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.

ಹುಟ್ಟಿಗೆ ಚಿಂತೆಯಿಲ್ಲ, ‘ಎರಡಲಗಿನ ಹುಟ್ಟು’ ಸಾಕು.

ಕೊನೆಯದಾಗಿ, ಕೊಳವೆಗೆ ಕೊಳವೆ ಸೇರಿಸಲು ಒಳಗೆ ತೂರಿಸುವ ಗಿಡ್ಡ ಕೊಳವೆ. ನಲ್ಲಿ ಕೆಲಸದವರ ‘ಕಪ್ಲಿಂಗ್’ ಹೊರಗಿನಿಂದ ಅಪ್ಪಿಕೊಳ್ಳುವಂಥದು, ಇದು ಒಳಗಿನದು. ಬಡಗಿಗಳ, ಶಾಮಿಯಾನ ಕಟ್ಟುವವರ ಮಾತಿನಲ್ಲಿ ಇದಕ್ಕೊಂದು ಹೆಸರು ಇದ್ದೀತು. ಬಲ್ಲವರು ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.