ನಿವೃತ್ತರ ವಸತಿ ಸಮುಚ್ಚಯ: ಸೂಚನೆ ಎಲ್ಲರಿಗೂ ಮುಟ್ಟುವುದು ಹೇಗೆ?

ಪ್ರಶ್ನೆ: 140 ನಿವಾಸಿಗಳಿದ್ದಾರೆ. ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ (ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ಪಟ್ಟಿ) ಕಳಿಸಿದ ಸೂಚನೆ ಹಲವರಿಗೆ ಬರುವುದೇ ಇಲ್ಲ. ಯಾಕೆ?

ಉತ್ತರ 1: ಕಳಿಸುವವರ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ, ಎಡವಟ್ಟು ಅಲ್ಲೇ. ಗ್ರೂಪ್ ಮಾಡಿ, ಸಂದೇಶ ಕಳಿಸುವ ಅನುಮತಿಯನ್ನು ಅಡ್ಮಿನ್‌ಗಳಿಗೆ ಮಾತ್ರ ಇಡಿ. ಇಲ್ಲದಿದ್ದರೆ ಫಾರ್ವರ್ಡ್‌ಗಳ ರಾಶಿಯಲ್ಲಿ ಸೂಚನೆ ಮುಳುಗಿಹೋಗುತ್ತದೆ. ಹರಟೆಗೆ ಬೇರೆ ಗ್ರೂಪ್ ಇರಲಿ. ಅದೂ ಬೇಕೇ ಬೇಕು, ಒಂಟಿಯಾಗಿರುವವರಿಗಂತೂ.

ಉತ್ತರ 2: ಫೋನ್ ಬಳಸದವರನ್ನು ದಯವಿಟ್ಟು ಮರೆಯಬೇಡಿ. ಲಿಫ್ಟ್ ಪಕ್ಕದಲ್ಲಿ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ಸುಮಾರು 120 ಸೆಂ.ಮೀ. ಎತ್ತರದಲ್ಲಿ ಬೋರ್ಡ್ ಹಾಕಿಸಿ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ, 36 ಪಾಯಿಂಟ್. ಗಾಜಿನ ಮುಚ್ಚಳ ಬೇಡ, ದೀಪದ ಬೆಳಕು ಹೊಳೆದು ಓದಲಾಗದು. ದಿನ ಕಳೆದ ಹಾಳೆ ಅಂದೇ ತೆಗೆಯಿರಿ.

ಉತ್ತರ 3: ತುರ್ತಿಗೆ ಫೋನ್ ಸರಪಳಿ. ಒಬ್ಬೊಬ್ಬರು ಐದು ಮನೆಗೆ ಕರೆ ಮಾಡಲಿ, ಕೊನೆಯವರು ಮೊದಲಿನವರಿಗೆ ತಿಳಿಸಲಿ. ಎತ್ತದಿದ್ದರೆ ಬಾಗಿಲು ತಟ್ಟಿ.