ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಎರಡು ಪ್ರಾಜೆಕ್ಟ್‌ಗಳನ್ನು ಒಂದಾಗಿಸಲು ಯಾವ ಮೆನು ಆಯ್ಕೆ ಸರಿ?

ಪ್ರಶ್ನೆ (ಬೀದರ್):
ನೌಬಾದಿನ ಕರೇಜಿನ ನಕ್ಷೆಯನ್ನು ನಾವು ಎರಡು ತಂಡಗಳಾಗಿ ಸಿದ್ಧಪಡಿಸುತ್ತಿದ್ದೇವೆ. ಬಹಮನಿಗಳ ಕಾಲದ ಈ ನೀರಿನ ಸುರಂಗದ ಜಾಡನ್ನು ಗೆರೆಯಾಗಿಯೂ, ಅದರ ಮೇಲಿನ ಗಾಳಿಬಾವಿಗಳನ್ನು ಬಿಂದುಗಳಾಗಿಯೂ ಎರಡೂ ತಂಡಗಳು ಗುರುತಿಸಿವೆ. ಈಗ ಇವೆರಡನ್ನೂ ಒಂದೇ ಪ್ರಾಜೆಕ್ಟ್‌ಗೆ ತರಬೇಕಾಗಿದೆ. ಪ್ರಾಜೆಕ್ಟ್ ಮೆನುವಿನಲ್ಲಿ ಇದಕ್ಕೆಂದು ಯಾವ ಆಯ್ಕೆಯೂ ಕಾಣಲಿಲ್ಲ. ಲೇಯರ್ (ನಕ್ಷೆಯ ಪದರ) ಮೆನುವಿನಲ್ಲಿ ‘ಎಂಬೆಡ್ ಲೇಯರ್ಸ್ ಆ್ಯಂಡ್ ಗ್ರೂಪ್ಸ್’ ಎಂಬುದೂ, ವೆಕ್ಟರ್ ಮೆನುವಿನ ಡೇಟಾ ಮ್ಯಾನೇಜ್‌ಮೆಂಟ್ ಟೂಲ್ಸ್ ಅಡಿಯಲ್ಲಿ ‘ಮರ್ಜ್ ವೆಕ್ಟರ್ ಲೇಯರ್ಸ್’ ಎಂಬುದೂ ಇವೆ. ಇವೆರಡರ ಕೆಲಸ ಒಂದೆಯೇ?

ಉತ್ತರ (ಕಲಬುರಗಿ):
ಒಂದೇ ಅಲ್ಲ. ಪ್ರಾಜೆಕ್ಟ್ ಫೈಲಿನಲ್ಲಿ ನಿಮ್ಮ ಬಿಂದುಗಳಾಗಲಿ ಗೆರೆಗಳಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ದತ್ತಾಂಶ ಎಲ್ಲಿದೆ, ಅದನ್ನು ಯಾವ ಬಣ್ಣ ಮತ್ತು ಚಿಹ್ನೆಗಳಿಂದ ತೋರಿಸಬೇಕು ಎಂಬ ವಿವರ ಮಾತ್ರ ಇರುತ್ತದೆ. ಆದ್ದರಿಂದ ಎರಡು ತಂಡಗಳ ಕೆಲಸವನ್ನು ಒಟ್ಟಿಗೆ ನೋಡಬೇಕೋ, ಅಥವಾ ಬಾವಿಗಳೆಲ್ಲ ಒಂದೇ ಕೋಷ್ಟಕದಲ್ಲಿ ಸೇರಬೇಕೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಎಂಬೆಡ್ ಮಾಡಿದರೆ ಇನ್ನೊಂದು ಪ್ರಾಜೆಕ್ಟಿನ ಲೇಯರ್‌ಗಳು ನಿಮ್ಮ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ, ಆದರೆ ಅವುಗಳ ಹಿಡಿತ ಮೂಲ ಪ್ರಾಜೆಕ್ಟಿನಲ್ಲೇ ಉಳಿಯುತ್ತದೆ. ಕ್ಷೇತ್ರಕಾರ್ಯ ಇನ್ನೂ ನಡೆಯುತ್ತಿದ್ದರೆ ಇದೇ ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ (ಯಾದಗಿರಿ):
ಕೆಲಸ ಮುಗಿದಿದ್ದು, ಬಾವಿಗಳ ಆಳವನ್ನು ಒಟ್ಟಿಗೆ ವಿಶ್ಲೇಷಿಸಬೇಕಾಗಿದ್ದರೆ ಮಾತ್ರ ಮರ್ಜ್ ಬಳಸಿ; ಅದು ಹಲವು ಲೇಯರ್‌ಗಳನ್ನು ಸೇರಿಸಿ ಒಂದೇ ಲೇಯರ್ ಮಾಡುತ್ತದೆ. ಬಿಂದುಗಳನ್ನು ಬಿಂದುಗಳೊಂದಿಗೆ, ಗೆರೆಗಳನ್ನು ಗೆರೆಗಳೊಂದಿಗೆ ಬೇರೆಬೇರೆಯಾಗಿಯೇ ಸೇರಿಸಬೇಕು. ಒಂದು ತಂಡ ಅಕ್ಷಾಂಶ–ರೇಖಾಂಶಗಳಲ್ಲಿಯೂ ಇನ್ನೊಂದು ಯುಟಿಎಂನಲ್ಲಿಯೂ (ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಮೀಟರ್‌ಗಳಲ್ಲಿ ಸ್ಥಾನ ಗುರುತಿಸುವ ಪದ್ಧತಿ) ಕೆಲಸ ಮಾಡಿದ್ದರೆ, ಗುರಿ ನಿರ್ದೇಶಾಂಕ ಪದ್ಧತಿಯ ಜಾಗದಲ್ಲಿ ಇಪಿಎಸ್‌ಜಿ 32643 (ಆ ಪದ್ಧತಿಯ ಸಂಕೇತಸಂಖ್ಯೆ) ಎಂದು ನೀವೇ ಆರಿಸಿ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಊರುಗಳು ಯುಟಿಎಂನ 43ನೇ ಉತ್ತರ ವಲಯದಲ್ಲಿವೆ, ಅಳತೆಗಳೂ ಮೀಟರ್‌ಗಳಲ್ಲಿ ಸಿಗುತ್ತವೆ. ಆ ಜಾಗವನ್ನು ಖಾಲಿ ಬಿಟ್ಟರೆ ಮೊದಲ ಲೇಯರಿನ ಪದ್ಧತಿಯೇ ಎಲ್ಲಕ್ಕೂ ಅನ್ವಯವಾಗುತ್ತದೆ.

ಇದಕ್ಕಿಂತ ಹೆಚ್ಚಿನ ಎಚ್ಚರ ಕೋಷ್ಟಕದ ಅಂಕಣಗಳ ವಿಷಯದಲ್ಲಿ ಬೇಕು. ‘ಆಳ’ ಎಂಬ ಅಂಕಣ ಒಂದು ತಂಡದಲ್ಲಿ ಸಂಖ್ಯೆಯಾಗಿ, ಇನ್ನೊಂದರಲ್ಲಿ ಪಠ್ಯವಾಗಿ ಇದ್ದರೆ, ಸೇರಿದ ಲೇಯರಿನಲ್ಲಿ ಅದು ಪಠ್ಯವಾಗುತ್ತದೆ. ಆಗ ವಿಂಗಡಿಸಿದರೆ 9ಕ್ಕಿಂತ 10 ಮೊದಲು ಬರುತ್ತದೆ, ಸರಾಸರಿಯೂ ಸಿಗುವುದಿಲ್ಲ. ಹೆಸರಿನ ಕಾಗುಣಿತ ಬೇರೆಯಾಗಿದ್ದರಂತೂ ಎರಡು ಅಂಕಣಗಳಾಗಿ, ಪ್ರತಿಯೊಂದೂ ಅರ್ಧ ಖಾಲಿಯಾಗಿ ಉಳಿಯುತ್ತದೆ. ಆದ್ದರಿಂದ ‘ರಿಫ್ಯಾಕ್ಟರ್ ಫೀಲ್ಡ್ಸ್’ ಸಾಧನದಿಂದ ಎರಡನ್ನೂ ಮೊದಲೇ ಹೊಂದಿಸಿಕೊಳ್ಳಿ. ಯಾವ ಬಾವಿ ಯಾವ ತಂಡದ್ದೆಂದು ತಿಳಿಯಲು ಮರ್ಜ್ ತಾನಾಗಿಯೇ ಮೂಲ ಲೇಯರಿನ ಹೆಸರಿನ ಅಂಕಣವನ್ನು ಸೇರಿಸುತ್ತದೆ. ದಯವಿಟ್ಟು ಅದನ್ನು ಅಳಿಸಬೇಡಿ. ಎರಡೂ ತಂಡಗಳು ಒಂದೇ ಬಾವಿಯನ್ನು ಗುರುತಿಸಿದ್ದರೆ ಅದು ಎರಡು ಬಿಂದುಗಳಾಗಿಯೇ ಉಳಿಯುತ್ತದೆ, ಅದನ್ನು ನೀವೇ ಹುಡುಕಿ ತೆಗೆಯಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಸದ್ಯಕ್ಕೆ ಎಂಬೆಡ್ ಮಾಡಿ ನೋಡಿದೆವು. ಬಾವಿಗಳನ್ನು ತಿದ್ದಲು ಆಗುತ್ತಿದೆ, ಆದರೆ ಅವುಗಳ ಚಿಹ್ನೆ ಮತ್ತು ಹೆಸರುಪಟ್ಟಿಯನ್ನು ಬದಲಿಸಲು ಆಗುತ್ತಿಲ್ಲ.

ಉತ್ತರ (ಕಲಬುರಗಿ):
ಎಂಬೆಡ್ ಮಾಡಿದ ಲೇಯರಿನ ನಿಯಮವೇ ಅದು. ಶೈಲಿಯನ್ನು ಮೂಲ ಪ್ರಾಜೆಕ್ಟಿನಲ್ಲಿಯೇ ಬದಲಿಸಬೇಕು. ನಿಮ್ಮದೇ ಶೈಲಿ ಬೇಕಿದ್ದರೆ ಆ ಪ್ರಾಜೆಕ್ಟನ್ನು ಇನ್ನೊಂದು ಕಿಟಕಿಯಲ್ಲಿ ತೆರೆದು, ಲೇಯರ್ ಮೆನುವಿನ ‘ಕಾಪಿ ಲೇಯರ್’ ಒತ್ತಿ, ನಿಮ್ಮ ಪ್ರಾಜೆಕ್ಟಿನಲ್ಲಿ ‘ಪೇಸ್ಟ್ ಲೇಯರ್/ಗ್ರೂಪ್’ ಒತ್ತಿ. ಬಣ್ಣ, ಚಿಹ್ನೆಗಳು ಜೊತೆಯಲ್ಲೇ ಬರುತ್ತವೆ, ಮುಂದೆ ಅವನ್ನು ಸ್ವತಂತ್ರವಾಗಿ ಬದಲಿಸಬಹುದು. ಆದರೆ ದತ್ತಾಂಶದ ಫೈಲ್ ಮಾತ್ರ ಅದೇ ಹಳೆಯದು: ಅಲ್ಲಿ ಒಂದು ಬಾವಿಯನ್ನು ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಪ್ರಾಜೆಕ್ಟನ್ನು ಬೇರೆ ಕಂಪ್ಯೂಟರಿಗೆ ಒಯ್ಯುವಾಗ ದತ್ತಾಂಶದ ಫೋಲ್ಡರನ್ನೂ ಜೊತೆಗೆ ಒಯ್ಯಿರಿ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಪಾತ್ (ಫೈಲ್ ಇರುವ ಜಾಗದ ವಿಳಾಸ) ಉಳಿಸುವ ವಿಧಾನ ‘ರಿಲೇಟಿವ್’ ಎಂದಿದೆಯೇ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ.