ಸಮಸ್ಯೆ: ಅಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ಸಂಚಾಲಕ
ಈ ಪಕ್ಷದ ಸಮಸ್ಯೆ, ನಾಲ್ಕು ಪಾದದ ಕಂದಪದ್ಯದ ಕೊನೆಯ ಪಾದ (ಮೊದಲ ಮೂರು ನೀವು ತುಂಬಬೇಕು):

ಅಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ನಾಡಿಗೆ ನಾಡೇ ಶೋಕದಲ್ಲಿದ್ದಾಗ ಹುಟ್ಟಿದ ಹಾಡುಗಳು ವಸ್ತು. ದೇಶ ಯಾವುದಾದರೂ ಸರಿ, ಕಾಲವೂ. ಹೋದ ಸಲ ಪದ್ಯ ಮೂರು, ಜಗಳ ಮೂವತ್ತು ಆಗಿತ್ತು. ಈ ಸಲ ಲೆಕ್ಕ ತಿರುವಿ ಹಾಕಿ.

ನಡುಗನ್ನಡಿಗ
ಸಾಲು ಸ್ವರದಿಂದ ಶುರು. ಬೇಕೆಂದೇ ತೋಡಿದ ಗುಂಡಿ ಇದು. ಮೂರನೆಯ ಪಾದ ಸ್ವರದಲ್ಲಿ ನಿಂತರೆ ವಿಸಂಧಿ, ಅಂದರೆ ಸಂಧಿಯಾಗದೆ ಉಳಿಯುವ ದೋಷ. ವ್ಯಂಜನದಲ್ಲಿ ನಿಂತರೆ ಅದು ಹಾರಿ ನಾಲ್ಕನೆಯದರ ತಲೆಯ ಮೇಲೆ ಕೂರುತ್ತದೆ. ಪುಣ್ಯಕ್ಕೆ ಯಾವುದು ಬಂದು ಕೂತರೂ ಳ ಎರಡನೆಯ ಅಕ್ಷರವಾಗಿಯೇ ಉಳಿಯುತ್ತದೆ, ನಾಲ್ಕೂ ಪಾದದಲ್ಲಿ ಒಂದೇ ಇರಬೇಕಾದ ಪ್ರಾಸ ಅದೇ. ಮೂರನೆಯ ಪಾದದ ಮಾತ್ರೆಯನ್ನು ಆ ವ್ಯಂಜನ ಬಿಟ್ಟು ಎಣಿಸಿಕೊಂಡರೆ ಆಯಿತು.

ಶಕಟರೇಫ
'ಹಾಡು' ಹೊಸತು, 'ಬಗೆಯೊಳ್' ಹಳತು. 'ಪಾಡೊಂದು' ಎಂದಿದ್ದರೆ ಗಂಟೇನು ಹೋಗುತ್ತಿತ್ತು?

ಸಂಚಾಲಕ
'ಪಾಡು' ಅಂದರೆ ಇವತ್ತಿನವರು 'ಅವನ ಪಾಡು ನಾಯಿಪಾಡು' ಎಂದು ಓದಿಕೊಳ್ಳುತ್ತಾರೆ ಸ್ವಾಮಿ. ಸಾಲು ಹಾಗೇ ಇರಲಿ.

ಕೆರೆದಂಡೆ
ನನ್ನದು ಮೊದಲು. 1962ರ ಚೀನಾ ಯುದ್ಧ, ಅದರ ಬೆನ್ನಿಗೆ 1963ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಲತಾ ಮಂಗೇಶ್ಕರ್ ಹಾಡಿದ 'ಏ ಮೇರೆ ವತನ್ ಕೇ ಲೋಗೋ'.

ಅಳಿದಿರೆ ಹಿಮದೊಳ್ ಪಡೆಗಳ್
ಕಳವಳಗೊಂಡಿರ್ದ ನಾಡ ಕಣ್ಣಂ ತೊಡೆಯಲ್
ದಳದೊಳ್ ಮಡಿದರ ನೆನೆಯುತೆ
ಅಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ನಡುಗನ್ನಡಿಗ
ಹೇಳಿ ಮುಗಿಸುವಷ್ಟರಲ್ಲಿ ಗುಂಡಿಗೆ ಬಿದ್ದಿರಿ! 'ನೆನೆಯುತೆ ಅಳಿಸಿದ' ಬಾಯಿಬಿಟ್ಟುಕೊಂಡು ನಿಂತಿದೆ. ಹೀಗೆ ಮಾಡಿ:

ದಳದೊಳ್ ಮಡಿದರ ನೆನೆಯು-
ತ್ತಳಿಸಿದ ಹಾಡೊಂದು...

ತ್ತ ಮುಂದಿನ ಪಾದಕ್ಕೆ ಹೋಯಿತು, 'ಯು' ತಾನೇ ಗುರುವಾಯಿತು.

ಕೆರೆದಂಡೆ
ಆಯ್ತು, ತಿದ್ದಿಕೊಂಡೆ. ಉಪಕಾರ.

ಶಕಟರೇಫ
ಸಂಧಿ ತಿದ್ದಿದಿರಿ, ಪ್ರಾಸ ಯಾರು ತಿದ್ದುತ್ತಾರೆ? 'ಅೞಿದಿರೆ' ರಳ, ಅಂದರೆ ಹಳಗನ್ನಡದ ೞ. 'ಅೞಿಸಿದ' ರಳ. ನಡುವೆ 'ದಳ' ಸಂಸ್ಕೃತದಿಂದ ಬಂದ ಕ್ಷಳ. 'ಒಳ್', 'ಇರ್ದ', 'ತೊಡೆಯಲ್' ಎಂದು ಹಳಗನ್ನಡದ ಪಂಚೆ ಉಟ್ಟ ಮೇಲೆ ಕಚ್ಚೆಯನ್ನೂ ಹಾಕಬೇಕು. ಪಡೆ ಒಂದನೆಯ ಪಾದದಲ್ಲೇ ಅಳಿದಿದೆ, ಮೂರನೆಯದರಲ್ಲಿ ದಳ ಮತ್ತೆ ಮಡಿಯುತ್ತದೆ. ಅದು ಬೇರೆ.

ನಡುಗನ್ನಡಿಗ
ಬಂದರು ನೋಡಿ. ೞ ಕನ್ನಡದ ನಾಲಿಗೆ ಬಿಟ್ಟು ಎಷ್ಟು ಕಾಲವಾಯಿತು? ವ್ಯಾಕರಣಕಾರ ಕೇಶಿರಾಜ ರಳದ ಪದಗಳಿಗೆ ಪಟ್ಟಿ ಕೊಟ್ಟದ್ದೇ ಜನ ಮರೆಯುತ್ತಿದ್ದಾರೆ ಅಂತ. ಮರೆಯದಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಕುಮಾರವ್ಯಾಸನ ಪ್ರಾಸದಲ್ಲಿ ನಿಮ್ಮ ಮಸೂರ ಹಿಡಿದು ಬನ್ನಿ ಒಮ್ಮೆ.

ಶಕಟರೇಫ
ಕುಮಾರವ್ಯಾಸ ಬರೆದದ್ದು ಭಾಮಿನಿ, ಅವನ ಕಾಲದ ಕನ್ನಡದಲ್ಲಿ. ಇಲ್ಲಿ ಕಂದ, ಪಂಪನ ಕಾಲದ ಪ್ರತ್ಯಯ. ಭಾಷೆ ಯಾವ ಶತಮಾನದ್ದೋ ಪ್ರಾಸವೂ ಅದೇ ಶತಮಾನದ್ದಾಗಲಿ ಎನ್ನುವುದು ಮಡಿವಂತಿಕೆಯೇ?

ನಡುಗನ್ನಡಿಗ
ಅರ್ಧ ಕಂದ ನಿಮಗಾಗಿ:

ಮಳೆಯೊಳ್ ರಳಮಂ ಹುಡುಕುತೆ
ಬಳಲಿದ ಪಂಡಿತರಿಗೊಂದು ಕೊಡೆ ಸಿಗದಲ್ತೇ

ಉಳಿದರ್ಧ ನೀವೇ ತುಂಬಿಕೊಳ್ಳಿ.

ಶ್ರುತಿಪೆಟ್ಟಿಗೆ
ಹಾಡಿನ ಬಗ್ಗೆ ಯಾರೂ ಮಾತಾಡುವ ಹಾಗೆ ಕಾಣಲಿಲ್ಲ, ನಾನೇ ಶುರು ಮಾಡುತ್ತೇನೆ. ಕವಿ ಪ್ರದೀಪ್ ಸಾಹಿತ್ಯ, ಸಿ. ರಾಮಚಂದ್ರ ಸಂಗೀತ. ಶುರುವಿನ ಸಾಲುಗಳು ತಾಳಕ್ಕೆ ಕಟ್ಟುಬೀಳದೆ, ಹೆಚ್ಚುಕಡಿಮೆ ಮಾತಿನ ಹಾಗೆ ಬರುತ್ತವೆ. ಪಲ್ಲವಿಯಲ್ಲಿ ತಾಳ ಹಿಡಿಯುತ್ತದೆ. ಗೆಲುವಿನ ಘೋಷಣೆ ಕೂಗುವವರನ್ನು ಮೊದಲು ತಡೆದು ನಿಲ್ಲಿಸಿ, ಸತ್ತವರ ಕಡೆ ಮುಖ ತಿರುಗಿಸಿ, ಆಮೇಲೆ ಅಳು, ಕಟ್ಟಕಡೆಗೆ ಸೇನೆಗೆ ಜೈಕಾರ. ಈ ಕ್ರಮ ಹಿಂದುಮುಂದಾಗಿದ್ದರೆ ಬರೀ ಕವಾಯತಿನ ಹಾಡಾಗುತ್ತಿತ್ತು. ದೀಪಾವಳಿಗೂ ಹೋಳಿಗೂ ಜೋಡಿ ಕಟ್ಟಿದ ಸಾಲೊಂದಿದೆಯಲ್ಲ, ಅದು ಬರೀ ಅಲಂಕಾರವಲ್ಲ. ಯುದ್ಧ ನಡೆದದ್ದು ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ. ಆ ವರ್ಷದ ದೀಪಾವಳಿ ಅದರ ನಡುವೆಯೇ ಬಂತು.

ತುಂಗೆಯ ತಡಿ
ಅದರಲ್ಲಿ ಸಿಖ್, ಜಾಟ, ಮರಾಠ, ಗೂರ್ಖಾ ಎಲ್ಲ ಬರ್ತಾರೆ. ನಾವೆಲ್ಲಿ ಮಾರಾಯ್ರೆ?

ಶ್ರುತಿಪೆಟ್ಟಿಗೆ
'ಮದರಾಸಿ'ಯೊಳಗೆ. ಮದ್ರಾಸ್ ರೆಜಿಮೆಂಟಿಗೆ ದಕ್ಷಿಣದ ಎಲ್ಲ ಕಡೆಯಿಂದಲೂ ಸೇರುತ್ತಾರೆ, ಬೇಜಾರು ಬೇಡ. ಹಾಡಿನ ಗೌರವಧನವನ್ನು (ರಾಯಲ್ಟಿ) ಪ್ರದೀಪ್ ಯುದ್ಧದಲ್ಲಿ ಮಡಿದವರ ಹೆಂಡಂದಿರ ನಿಧಿಗೆ ಬಿಟ್ಟುಕೊಟ್ಟಿದ್ದರು. ರೆಕಾರ್ಡ್ ಕಂಪನಿಯಿಂದ ಬರಬೇಕಿದ್ದ ಬಾಕಿಗಾಗಿ ಕೋರ್ಟು ಹತ್ತಬೇಕಾಗಿ ಬಂತು. 2005ರಲ್ಲಿ ಬಾಂಬೆ ಹೈಕೋರ್ಟು 10 ಲಕ್ಷ ರೂಪಾಯಿ ಕಟ್ಟಿಸಿತು.

ತುಂಗೆಯ ತಡಿ
ನಂದು ಸ್ಕಾಟ್ಲೆಂಡಿಂದು. 1513ರ ಸೆಪ್ಟೆಂಬರ್ 9, ಫ್ಲಾಡನ್ ಕಾಳಗ. ದೊರೆ ನಾಲ್ಕನೇ ಜೇಮ್ಸ್ ಕಳದಲ್ಲೇ ಸತ್ತ. 'ಫ್ಲವರ್ಸ್ ಆಫ್ ದ ಫಾರೆಸ್ಟ್' ಅನ್ನೋ ಹಳೇ ಧಾಟಿಗೆ ಜೀನ್ ಎಲಿಯಟ್ 1756ರಲ್ಲಿ ಮಾತು ಕೂಡಿಸಿದ್ದು. ಹಾಲು ಕರೆಯೋ ಹೆಣ್ಣುಮಕ್ಕಳು ಅದರಲ್ಲೇ ಬರ್ತಾರೆ.

ಕೊಳುಗುಳದಿಂ ಬಾರದವರ-
ನೆಳವೆಂಡಿರ್ ಪಾಲ್ಗರೆವೆಡೆ ನೆನೆನೆನೆದಿರುಳೊಳ್
ಕೊಳಲುಸಿರೊಳ್ ಮೆಲ್ಲನೆ ಬಂ-
ದಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ಕೆರೆದಂಡೆ
'ನೆನೆನೆನೆದಿರುಳೊಳ್' ಸೊಗಸು.

ಶಕಟರೇಫ
ಮೊದಲೆರಡು ಪಾದ ಕುಳ (ಅಚ್ಚಗನ್ನಡದ ಳ), ಕೊನೆಯೆರಡು ರಳ. ಕೊೞಲ್, ಅೞಿಸಿದ. ಸೀರೆಗೆ ಎರಡು ಬಣ್ಣದ ಸೆರಗು. ಪಾಲ್ಗರೆಯುವುದರ ರೇಫೆಯೂ ಶಕಟರೇಫೆ (ಹಳಗನ್ನಡದ ಱ) ಎಂದು ನೆನಪಿಸಿ ಸುಮ್ಮನಾಗುತ್ತೇನೆ, ಅದು ಪ್ರಾಸಸ್ಥಾನದಲ್ಲಿಲ್ಲ.

ಶ್ರುತಿಪೆಟ್ಟಿಗೆ
ನನ್ನ ತಕರಾರು 'ಮೆಲ್ಲನೆ'ಗೆ. ಆ ಧಾಟಿ ನುಡಿಸುವ ಸ್ಕಾಟ್ಲೆಂಡಿನ ತಿತ್ತಿವಾದ್ಯದಲ್ಲಿ (ಬ್ಯಾಗ್‌ಪೈಪ್) ಮೆಲ್ಲನೆ ಎಂಬುದೇ ಇಲ್ಲ. ಕಂಕುಳಲ್ಲಿ ತಿತ್ತಿ, ಹೆಗಲ ಮೇಲೆ ಮೂರು ಶ್ರುತಿಕೊಳವೆ, ಊದುವ ಕೊಳವೆಯಲ್ಲಿ ಒಂಬತ್ತೇ ಸ್ವರ. ಸದ್ದು ಹೆಚ್ಚಿಸುವಂತಿಲ್ಲ, ತಗ್ಗಿಸುವಂತಿಲ್ಲ, ನಡುವೆ ನಿಲ್ಲಿಸುವಂತೆಯೂ ಇಲ್ಲ. ಒಂದೇ ಸ್ವರ ಎರಡು ಸಲ ಬೇಕಾದರೆ ನಡುವೆ ಇನ್ನೊಂದು ಬೆರಳನ್ನು ಚಿಟಿಕೆ ಹೊಡೆಯುವಷ್ಟು ಹೊತ್ತು ಎತ್ತಿ ಕತ್ತರಿಸಬೇಕು. ಇಲ್ಲವಾದರೆ ಎರಡೂ ಅಂಟಿಕೊಂಡು ಒಂದೇ ಉದ್ದ ಸ್ವರವಾಗುತ್ತದೆ.

ತುಂಗೆಯ ತಡಿ
ಮೆಲ್ಲನೆ ಅಂದ್ರೆ ಸದ್ದು ಕಮ್ಮಿ ಅಂತ ಯಾರು ಹೇಳಿದ್ದು? ನಿಧಾನಕ್ಕೆ ಅಂತ. 'ಮೆಲ್ಲಗೆ ನಡಿ' ಅಂದ್ರೆ ನೀವು ಸದ್ದು ಮಾಡದೆ ನಡಿತೀರ?

ಶ್ರುತಿಪೆಟ್ಟಿಗೆ
ಮಗು ಮಲಗಿದ್ದರೆ, ಹೌದು. ಉಸಿರಿನ ಪಕ್ಕದಲ್ಲಿ ಮೆಲ್ಲನೆ ಇಟ್ಟರೆ ಕಿವಿಗೆ ಸದ್ದಿನ ಅರ್ಥವೇ ಮೊದಲು ಬರುತ್ತದೆ. ಆ ಧಾಟಿ ಅಳಿಸುವುದು ಎಡೆಬಿಡದೆ ಒಂದೇ ಸಮ ಬರುವುದರಿಂದ. ಅಳುವವರಿಗೆ ಮೂಗು ಒರೆಸಿಕೊಳ್ಳಲೂ ಬಿಡುವು ಸಿಗುವುದಿಲ್ಲ.

ನಡುಗನ್ನಡಿಗ
ಹಾಗಾದರೆ ಇದು:

ಕೊಳಲುಸಿರೊಳ್ ಬಿಡದೊಗೆತಂ-
ದಳಿಸಿದ ಹಾಡೊಂದು...

ತುಂಗೆಯ ತಡಿ
ಒಗೆತಂದು! ಬಟ್ಟೆ ಒಗೆದು ತಂದ ಹಾಗೆ ಕೇಳ್ತದೆ. ನಂದು ಮೆಲ್ಲನೆಯೇ ಇರ್ಲಿ.

ನಡುಗನ್ನಡಿಗ
ಒಗೆ ಅಂದರೆ ಹುಟ್ಟು. ಹಳಗನ್ನಡದಲ್ಲಿ ಅಗಸನಿಗೆ ಮಾತ್ರ ಬಿಟ್ಟುಕೊಟ್ಟ ಧಾತು ಅಲ್ಲ ಅದು.

ಶಕಟರೇಫ
ಅಪರೂಪಕ್ಕೆ ನಡುಗನ್ನಡಿಗರ ಮಾತಿಗೆ ನನ್ನ ಸಹಿ ಇದೆ. ದಿನಾಂಕ ಬರೆದಿಟ್ಟುಕೊಳ್ಳಿ.

ಶ್ರುತಿಪೆಟ್ಟಿಗೆ
'ಇರುಳೊಳ್' ಕೂಡ ನೋಡಿ. ಆ ಹಾಡಿನ ಹೆಂಗಸರು ಕುರಿಯ ಹಾಲು ಕರೆಯುವುದು ನಸುಕಿಗೆ ಮುಂಚೆ. ನೀವು ಕತ್ತಲಾದ ಮೇಲೆ ಕರೆಸುತ್ತಿದ್ದೀರಿ ಅನಿಸುತ್ತದೆ. ಇನ್ನೊಂದು ವಿಷಯ: ಶವಸಂಸ್ಕಾರ, ಸ್ಮರಣೆಯ ದಿನ ಬಿಟ್ಟರೆ ಅಲ್ಲಿನ ಹಲವು ವಾದಕರು ಆ ಧಾಟಿಯನ್ನು ಸಭೆಯಲ್ಲಿ ನುಡಿಸುವುದಿಲ್ಲ. ಅಭ್ಯಾಸ ಮಾಡುವುದೂ ಬಾಗಿಲು ಹಾಕಿಕೊಂಡು. ನಮ್ಮಲ್ಲಿ ಇಂಥ ಹಾಡುಗಳನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಸಿಬಿಡುತ್ತಾರೆ.

ಹೊಸಬ
ಜಪಾನಿನದು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ. ಮರುವರ್ಷ ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಹೊರತಂದ 'ಹನಾ ವಾ ಸಕು', ಅಂದರೆ ಹೂವರಳುತ್ತದೆ. ಸಾಹಿತ್ಯ ಇವಾಯಿ ಶುಂಜಿ, ಸಂಗೀತ ಕಾನ್ನೊ ಯೊಕೊ, ಇಬ್ಬರೂ ಸೆಂಡೈಯವರು. ಹಲವರು ಒಬ್ಬೊಬ್ಬರಾಗಿ ತುಣುಕು ತುಣುಕು ಹಾಡುತ್ತಾರೆ.

ಅಳಿದರ ದನಿಯೊಳ್ ಬರೆದುದು
ಬೆಳೆವ ಮರಿಗೆ ಮುಂದೆ ಹೂವರಳ್ವುದೆನುತ್ತುಂ
ತುಳುಕಿದ ಕಡಲಂ ಮೀರು-
ತ್ತಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ನಡುಗನ್ನಡಿಗ
ಚೆನ್ನಾಗಿದೆ.

ಕೆರೆದಂಡೆ
👍

ಶಕಟರೇಫ
ಬೆಳೆ, ತುಳುಕು ಕುಳ. ಅೞಿದ, ಅೞಿಸಿದ ರಳ. ನಾನು ಹೇಳುವುದನ್ನು ಯಾರೂ ನಂಬುತ್ತಿಲ್ಲವಾದ್ದರಿಂದ ಮಾಡಿ ತೋರಿಸುತ್ತೇನೆ. ಲಡಾಖಿನ ಚುಶೂಲ್ ಬಳಿಯ ರೆಜಾಂಗ್ ಲಾ ಕಾಳಗ, 1962ರ ನವೆಂಬರ್ 18, 13ನೇ ಕುಮಾವೂಂ ಬೆಟಾಲಿಯನ್ನಿನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. ನಾಲ್ಕೂ ಪಾದ ಶುದ್ಧ ರಳ:

ಉೞಿದುದು ಪೆಸರೊಂದೆ ಗಡಾ
ಕೞಿದಾ ಪನಿಗಾಲದಂತ್ಯದೊಳ್ ಕಂಡೊಡಲೊಳ್
ಬೞಿಕದನುಸಿರುತೆ ನೆರವಿಯ-
ನೞಿಸಿದ ಹಾಡೊಂದು ನೋವನೞಿಸಿತು ಬಗೆಯೊಳ್

ಹೊಸಬ
ಸರ್, 'ಕಂಡೊಡಲೊಳ್' ತುಂಬಾ ಹಿಡಿಸಿತು.

ತುಂಗೆಯ ತಡಿ
'ಪನಿಗಾಲ' ಯಾವ ರೈಲಿಗೆ ಬಂತು? ಮದ್ರಾಸ್ ಮೇಲಾ? ನಮ್ಮಲ್ಲಿ ಅದಕ್ಕೆ ಮಾಗಿ ಅಂತಾರೆ.

ಶಕಟರೇಫ
ಪನಿ ಕನ್ನಡವೇ. ಹನಿಯ ಅಪ್ಪ. ಬೇಕಾದರೆ 'ಕೞಿಯಲ್ ಮಾಗಿಯೆ ಹಿಮಾದ್ರಿಯೊಳ್ ಕಂಡೊಡಲೊಳ್' ಎಂದು ಓದಿಕೊಳ್ಳಿ.

ತುಂಗೆಯ ತಡಿ
'ಮಾಗಿಯೆ'ಯಲ್ಲಿ ಆ 'ಯೆ' ಗುಳಿ ಮುಚ್ಚಲಿಕ್ಕೆ ಹಾಕಿದ ಜಲ್ಲಿ.

ನಡುಗನ್ನಡಿಗ
ಜಲ್ಲಿ ಬಿಡಿ, ಅಡಿಪಾಯವೇ ಅಲುಗಾಡುತ್ತಿದೆ. ರೇಫರೇ, ನಿಮ್ಮ ಪದ್ಯದಲ್ಲಿ ಮಾಗಿ ಕಳೆದು ಒಡಲು ಕಂಡಿತು, 'ಬೞಿಕ' ಹಾಡು ಬಂತು. ರೆಜಾಂಗ್ ಲಾದ ದೇಹಗಳು ಸಿಕ್ಕಿದ್ದು 1963ರ ಫೆಬ್ರವರಿಯಲ್ಲಿ. ದೆಹಲಿಯಲ್ಲಿ ನೆರವಿ ಅತ್ತದ್ದು ಜನವರಿ 27. ಹಾಡು ಹಾಡುವಾಗ ಅವರಿನ್ನೂ ಹಿಮದಡಿ ಇದ್ದರು. ಎರಡನೆಯದು, ಆ ಹಾಡು ಹೆಸರನ್ನು 'ಉಸಿರು'ವುದೇ ಇಲ್ಲ. ಜಾತಿ, ಪಂಗಡ, ಪ್ರಾಂತ ಬರುತ್ತದೆ. ಒಬ್ಬನೇ ಒಬ್ಬ ಸೈನಿಕನ ಹೆಸರಿಲ್ಲ. ಹೆಸರಿಲ್ಲದ್ದರಿಂದಲೇ ಅಷ್ಟು ದೊಡ್ಡ ಮೈದಾನದಲ್ಲಿ ಪ್ರತಿಯೊಬ್ಬರೂ ತಮ್ಮವನನ್ನು ಅದರೊಳಗೆ ಕೂರಿಸಿಕೊಂಡರು. ರಳ ನಾಲ್ಕಕ್ಕೆ ನಾಲ್ಕು, ಚರಿತ್ರೆ ಸೊನ್ನೆ.

ಶಕಟರೇಫ
ಪದ್ಯದಲ್ಲಿ ದೆಹಲಿ ಎಂದಿದೆಯೇ? ಲತಾ ಎಂದಿದೆಯೇ? 'ಹಾಡೊಂದು' ಎಂದಿದೆ. ಹೆಸರು ಹೇಳುವ ಸ್ಮರಣೆ ಚುಶೂಲಿನ ಸ್ಮಾರಕದಲ್ಲಿದೆ. 114 ಮಂದಿಯ ಹೆಸರು, ಜೊತೆಗೆ ಮೆಕಾಲೆಯ ಪದ್ಯ.

ನಡುಗನ್ನಡಿಗ
ಅದು ಕಲ್ಲು. ಕಲ್ಲಿಗೆ ಹೆಸರು ಬೇಕು, ಹಾಡಿಗೆ ಭಾರ. ಲಡಾಖಿನ ಬೆಟ್ಟದ ಮೇಲೆ ರೋಮಿನ ವೀರನ ಕುರಿತ ಇಂಗ್ಲಿಷ್ ಪದ್ಯ ನಿಂತಿರುವುದನ್ನು ಇನ್ನೊಂದು ದಿನ ಮಾತಾಡೋಣ. ನಿಮ್ಮ ಪದ್ಯದಲ್ಲಿ ನೆರವಿ ಅಳುತ್ತದೆ. ಯಾವ ನೆರವಿ?

ಶಕಟರೇಫ
'ಬೞಿಕದನುಸಿರುತೆ' ಬದಲು 'ಬೞಿಕದನರಿಯದೆ' ಎಂದು ಮಾಡಿದರೆ?

ಶ್ರುತಿಪೆಟ್ಟಿಗೆ
ಅರಿಯದೆ ಅತ್ತರು. ಅರ್ಥ ಚೆನ್ನಾಗಿಯೇ ಆಯಿತು. 'ಬೞಿಕ' ಮಾತ್ರ ಈಗಲೂ ಫೆಬ್ರವರಿಯಲ್ಲಿ ಕೂತಿದೆ.

ಶಕಟರೇಫ
ಅರಿ ಧಾತುವಿನಲ್ಲೂ ಶಕಟರೇಫೆ. ಬರೆಯುವಾಗ ಮರೆತೆ. ಅಱಿಯದೆ.

ನಡುಗನ್ನಡಿಗ
ಹೆಸರಿಟ್ಟುಕೊಂಡವರೇ ಮರೆತರೆ ನಾವೇನು ಮಾಡೋಣ ಸ್ವಾಮಿ.

ಸುಮ್ಮನಿದ್ದವಳು
ಎಲ್ಲರೂ ಮೊದಲನೆಯ 'ಅಳಿಸು'ವಿಗೆ ಅಳು, ಎರಡನೆಯದಕ್ಕೆ ಒರಸು ಎಂದೇ ಹಿಡಿದಿದ್ದೀರಿ. ತಿರುವಿದರೂ ನಡೆಯುತ್ತದೆ: ಒರಸಿಹಾಕಿದ ಹಾಡು, ನೋವನ್ನೇ ಅಳುವಂತೆ ಮಾಡಿತು. 1919ರ ಏಪ್ರಿಲ್ 13, ಜಲಿಯನ್‌ವಾಲಾ ಬಾಗ್. ಆ ಗುಂಪಿನಲ್ಲಿದ್ದು ಬದುಕಿ ಬಂದ ನಾನಕ್ ಸಿಂಗ್ 1920ರಲ್ಲಿ ಪಂಜಾಬಿಯಲ್ಲಿ 'ಖೂನಿ ವಿಸಾಖಿ' ಬರೆದು ಅಚ್ಚು ಹಾಕಿಸಿದರು. ಸರ್ಕಾರ ನಿಷೇಧಿಸಿ ಪ್ರತಿಗಳನ್ನು ಎತ್ತಿಕೊಂಡು ಹೋಯಿತು. ದಶಕಗಳಾದ ಮೇಲೆ ಒಂದು ಪ್ರತಿ ಸಿಕ್ಕಿ, 2019ರಲ್ಲಿ ಮೊಮ್ಮಗ ನವದೀಪ್ ಸೂರಿ ಇಂಗ್ಲಿಷಿಗೆ ತಂದರು.

ಇಳೆಗುರುಳಿದರಂ ಬಣ್ಣಿಸಿ-
ದೆಳೆಯನ ಪೊತ್ತಗೆಯನಂದು ದೊರೆಗಳ್ ತಡೆಯಲ್
ಮುಳುಗಿದುದಂ ಕಾಲಂ ಕುಡೆ-
ಯಳಿಸಿದ ಹಾಡೊಂದು ನೋವನಳಿಸಿತು ಬಗೆಯೊಳ್

ನಡುಗನ್ನಡಿಗ
ಬಲ್ಲಿರಿ.

ತುಂಗೆಯ ತಡಿ
ಸಾಲು ಕೊಟ್ಟವರಿಗೂ ಇದು ಹೊಳೆದಿರ್ಲಿಕ್ಕಿಲ್ಲ.

ಸಂಚಾಲಕ
ಹೊಳೆದಿರಲಿಲ್ಲ. ಮುಂದಿನ ಸಮಸ್ಯೆ ಸೋಮವಾರ.

ಶಕಟರೇಫ
ಒಂದೇ ಕಂದದಲ್ಲಿ ಮೂರೂ ಜಾತಿಯ ಳ. ಇಳೆ ಕ್ಷಳ, ಎಳೆಯ ಕುಳ, ಮುಳುಗು ರಳ.